ಹಾಲು ಬತ್ತಿಲ್ಲ, ಕುಡಿಸೋಕೆ ಹೊತ್ತು ಸಿಕ್ಕಿಲ್ಲ

ಪ್ರಶ್ನೆ: ಮಗುವಿಗೆ ಮೂರು ತಿಂಗಳು. ಮದ್ದೂರಿನ ಹತ್ತಿರ ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್ ಹೋಗಿ ಹದಿನೈದು ದಿನ ಆಯಿತು. ಹಾಲು ಕಡಿಮೆಯಾಗಿದೆ, ಮಗು ರಾತ್ರಿಯೆಲ್ಲ ಅಳುತ್ತದೆ. ಅತ್ತೆ ಡಬ್ಬಿ ಹಾಲು ಶುರು ಮಾಡು ಅಂತಾರೆ. ಪಕ್ಕದೂರಲ್ಲಿ ಒಬ್ಬರು ಹಾಲು ಹೆಚ್ಚಿಸೋ ಪುಡಿ ಕೊಡ್ತಾರಂತೆ. ಯಾವುದು ಒಳ್ಳೆಯದು?

ಉತ್ತರ: ಎರಡೂ ಬೇಡ. ವಾರ ವಾರ ಇದೇ ಪ್ರಶ್ನೆ ಬರುತ್ತದೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲಮ್ಮ, ಆ ಪುಡಿ ಮಾರುವವರ ಮೇಲೆ.

ಹಾಲು ಕಡಿಮೆ ಅಂತ ಹೇಳಿದ್ದು ಯಾರು? ಬರೀ ಅಳು ನೋಡಿ ಹಾಗೆ ಹೇಳೋಕಾಗಲ್ಲ. ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಿಲ್ಲದೆ ಉಚ್ಚೆ ಮಾಡುತ್ತಿದೆಯಾ? ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದೆಯಾ? ಎರಡಕ್ಕೂ ಹೌದು ಅಂದರೆ ಹಾಲು ಸಾಲುತ್ತಿದೆ. ತೂಕ ನಿಂತಿದ್ದರೆ ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಎದೆಹಾಲು ಬಾವಿಯ ಒರತೆ ಇದ್ದ ಹಾಗೆ. ಸೇದಿದಷ್ಟೂ ಊರುತ್ತದೆ, ಸೇದದೆ ಬಿಟ್ಟರೆ ನಿಧಾನವಾಗುತ್ತದೆ. ಬೆಳಿಗ್ಗೆ ವ್ಯಾನ್ ಹತ್ತಿ ಸಂಜೆ ಇಳಿಯುವ ತಾಯಿಗೆ ನಡುವೆ ಸೇದುವ ಹೊತ್ತೇ ಇಲ್ಲ. ಹೋದ ತಿಂಗಳು ಒಬ್ಬ ತಾಯಿ ನನ್ನೆದುರು ಕೂತು ರವಿಕೆಯೊಳಗಿಂದ ಮಡಚಿದ ಹಳೇ ಬನಿಯನ್ ತುಂಡು ತೆಗೆದು ತೋರಿಸಿದಳು. ಹಾಲಲ್ಲಿ ನೆನೆದು ಭಾರವಾಗಿತ್ತು. ಅವಳಿಗೂ ಮನೆಯಲ್ಲಿ "ನಿನಗೆ ಹಾಲಿಲ್ಲ" ಅಂದಿದ್ದರು.

ನೀವು ಮಾಡಬೇಕಾದ್ದು ಇಷ್ಟು. ಹೊರಡುವ ಮುಂಚೆ ಮಗುವಿಗೆ ಹೊಟ್ಟೆ ತುಂಬ ಕುಡಿಸಿ. ಉಳಿದದ್ದನ್ನು ಕೈ ತೊಳೆದು, ಕುದಿಸಿದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿಡಿ. ತಂಪಾದ ಜಾಗದಲ್ಲಿ 4 ಗಂಟೆ ಕೆಡುವುದಿಲ್ಲ. ನಮ್ಮ ಮಂಡ್ಯದ ಬೇಸಿಗೆಯಲ್ಲಿ ನಾನು ಎರಡೇ ಗಂಟೆ ಅಂತೀನಿ. ಅಕ್ಕಪಕ್ಕದ ಮನೆಯಲ್ಲಿ ಫ್ರಿಜ್ ಇದ್ದರೆ ಸಂಕೋಚ ಬೇಡ, ಅಲ್ಲಿಡಿ. ಒಲೆ ಮೇಲೆ ಕಾಯಿಸಬಾರದು, ಬಿಸಿನೀರಿನಲ್ಲಿ ಲೋಟ ಇಟ್ಟರೆ ಸಾಕು. ಬಾಟಲ್ ಬೇಡ. ಅತ್ತೆಗೆ ಒಳಲೆಯಲ್ಲಿ ಕುಡಿಸೋಕೆ ಹೇಳಿ, ಅವರ ಕೈಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ಕೆಲಸದಲ್ಲಿ ಮೂರು ಗಂಟೆಗೊಮ್ಮೆ ಹಿಂಡಿ, ಚೆಲ್ಲಬೇಕಾಗಿ ಬಂದರೂ ಸರಿ. ರಾತ್ರಿ ಕೇಳಿದಾಗಲೆಲ್ಲ ಕುಡಿಸಿ. ಹಾಲು ಹೆಚ್ಚಿಸುವ ಹಾರ್ಮೋನ್ ರಾತ್ರಿಯೇ ಜಾಸ್ತಿ.

ಡಬ್ಬಿಯ ವಿಷಯ. ಬೇಗ ಮುಗಿಯಬಾರದು ಅಂತ ಒಂದು ಚಮಚ ಪುಡಿಗೆ ಹಾಕಬೇಕಾದ್ದರ ಎರಡರಷ್ಟು ನೀರು ಹಾಕುವ ಮನೆಗಳನ್ನು ನೋಡಿದ್ದೇನೆ. ಮಗುವಿನ ಹೊಟ್ಟೆ ತುಂಬುತ್ತದೆ, ಮೈ ಹತ್ತುವುದಿಲ್ಲ. ಆಮೇಲೆ ಬಾಟಲಿಯಿಂದ ಭೇದಿ. ಡಬ್ಬಿ ಹಾಲಿನ ಜಾಹೀರಾತು, ಬಿಟ್ಟಿ ಸ್ಯಾಂಪಲ್ ಎರಡನ್ನೂ 1992ರ ಕಾನೂನು ತಡೆದಿದೆ. ಯಾರಾದರೂ ಬಿಟ್ಟಿಯಾಗಿ ಕೈಗಿಟ್ಟರೆ ತಗೋಬೇಡಿ.

ಇನ್ನೊಂದು ಮಾತು. ಮೂರು ತಿಂಗಳಿಗೇ ಕೆಲಸಕ್ಕೆ ಹೋಗಿದ್ದು ಯಾಕೆ? 2017ರಿಂದ ಮೊದಲ ಎರಡು ಹೆರಿಗೆಗೆ ಸಂಬಳ ಸಹಿತ 26 ವಾರ ರಜೆ ಇದೆ. 50 ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಕೂಸಿನ ಮನೆ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಬೇಕು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲು ಕುಡಿಸಲು ದಿನಕ್ಕೆ ಎರಡು ಸಲ ಬಿಡುವು ಕೊಡಬೇಕು. ಸೂಪರ್‌ವೈಸರ್ ಹತ್ತಿರ ಒಬ್ಬರೇ ಹೋದರೆ ಗದರುತ್ತಾರೆ. ನಾಲ್ಕು ಜನ ತಾಯಂದಿರು ಸೇರಿ ಕೇಳಿ.

ಪ್ರಶ್ನೆ: ಮೊದಲ ಹಳದಿ ಹಾಲು ಹಿಂಡಿ ಚೆಲ್ಲಬೇಕಾ?

ಉತ್ತರ: ಒಂದು ಹನಿಯೂ ಚೆಲ್ಲಬೇಡಿ.

ಪ್ರಶ್ನೆ: ಮಗುವಿಗೆ ಬಜೆ, ಜೇನುತುಪ್ಪ, ಗ್ರೈಪ್ ವಾಟರ್ ಕೊಡಬಹುದಾ?

ಉತ್ತರ: ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಜೇನುತುಪ್ಪ ವರ್ಷ ತುಂಬುವವರೆಗೂ ಬೇಡ, ಅದರಿಂದ ಜೀವಕ್ಕೇ ಅಪಾಯ ಆಗಬಹುದು.

ಪ್ರಶ್ನೆ: ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪ ಆಗುತ್ತದಾ?

ಉತ್ತರ: ಇಲ್ಲ. ಬಾಯಾರಿದಾಗಲೆಲ್ಲ ನೀರು ಕೊಡಿ, ಹೊಟ್ಟೆ ತುಂಬ ಊಟ ಕೊಡಿ.

ಪ್ರಶ್ನೆ: ಎಂಟು ತಿಂಗಳ ಮಗು. ರಾಗಿ ಸರಿ ಕೊಟ್ಟರೂ ತೂಕ ಏರುತ್ತಿಲ್ಲ.

ಉತ್ತರ: ನೀವು ಸರಿಯನ್ನು ನೀರಾಗಿ ಕಾಯಿಸುತ್ತಿದ್ದೀರಿ ಅನ್ಸುತ್ತೆ. ಚಮಚ ಓರೆ ಮಾಡಿದರೆ ಅದು ಸುರಿಯಬಾರದು. ಅದಕ್ಕೆ ಒಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕಿ. ಬೇಳೆಯ ತಿಳಿ ಸಾಲದು, ಬೇಳೆಯನ್ನೇ ನುಣ್ಣಗೆ ಹಿಸುಕಿ ಕೊಡಿ. ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ. ದಿನಕ್ಕೆ ಮೂರು ಸಲ ಊಟ, ಜೊತೆಗೆ ಎದೆಹಾಲು. ಟೀಯಲ್ಲಿ ಅದ್ದಿದ ಬಿಸ್ಕತ್ತು ಕೊಡುವುದನ್ನು ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ತಾಯಿಗೆ ನೆಗಡಿ ಜ್ವರ ಬಂದಿದೆ. ಹಾಲು ಕುಡಿಸಬಹುದಾ?

ಉತ್ತರ: ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಡಿಸಿ.