ಮಳೆಯೂರಿಗೆ ಜೀನ್ಸ್ ಬೇಡ

ಪ್ರಶ್ನೆ: ಮುಂದಿನ ವಾರ 5 ದಿನ ಮಳೆ ಜಾಸ್ತಿ ಇರುವ ನಗರಕ್ಕೆ ಹೊರಟಿದ್ದೇನೆ. ಎರಡು ಜೀನ್ಸ್, ಒಂದು ಕೊಡೆ ಸಾಕಾ?

ಉತ್ತರ: ಜೀನ್ಸ್ ಮನೆಯಲ್ಲೇ ಇರಲಿ. ದಪ್ಪ ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ತೇವದ ಗಾಳಿಯಲ್ಲಿ ಬೇಗ ಒಣಗುವುದೇ ಇಲ್ಲ. ಒಮ್ಮೆ ಎರಡು ದಿನ ಒದ್ದೆ ಜೀನ್ಸಿನಲ್ಲೇ ಓಡಾಡಿದ್ದೆ. ತೊಡೆ ಉಜ್ಜಿ ಕೆಂಪಾಗಿತ್ತು. ತೆಳ್ಳನೆಯ ಪಾಲಿಯೆಸ್ಟರ್ ಪ್ಯಾಂಟ್ ಒಯ್ಯಿರಿ. ಕಾಲುಚೀಲ ಮಾತ್ರ ದಿನಕ್ಕೆ ಎರಡು ಜೊತೆ. ಒದ್ದೆ ಕಾಲಿನಷ್ಟು ಹಿಂಸೆ ಬೇರೊಂದಿಲ್ಲ, ಅಲ್ವಾ? ಶೂ ನೆನೆದರೆ ಒಳಗೆ ಹಳೆ ಪತ್ರಿಕೆ ತುರುಕಿ, ಅದು ಒದ್ದೆಯಾದ ಹಾಗೆ ಬದಲಿಸಿ.

ಗಾಳಿ ಜೋರಾದರೆ ಕೊಡೆ ತಿರುಗಿಕೊಳ್ಳುತ್ತದೆ, ರೇನ್‌ಕೋಟೂ ಇರಲಿ. ಬ್ಯಾಗಿನ ಹೊರಗಿನ ಕವರ್ ಒಂದನ್ನೇ ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೆ ದೊಡ್ಡ ಪ್ಲಾಸ್ಟಿಕ್ ಚೀಲವಿಟ್ಟು ಅದರಲ್ಲೇ ಬಟ್ಟೆ ಜೋಡಿಸಿ. ಫೋನ್ ನೆನೆದರೆ ಪೂರ್ತಿ ಒಣಗುವವರೆಗೂ ಚಾರ್ಜಿಗೆ ಹಾಕಬೇಡಿ.