ಖಿನ್ನತೆ ಮತ್ತೆ ಮತ್ತೆ ಬಂದರೆ ಮಾತ್ರೆ ಎಷ್ಟು ಕಾಲ?

ಪ್ರಶ್ನೆ: ಅಮ್ಮನಿಗೆ 54 ವರ್ಷ. ಹತ್ತು ವರ್ಷಗಳಲ್ಲಿ ಮೂರು ಸಲ ಖಿನ್ನತೆ ಬಂದಿದೆ. ಈಗ ಎಸಿಟಲೋಪ್ರಾಮ್ 10 ಮಿ.ಗ್ರಾಂ. ಮಾತ್ರೆಯಿಂದ ಎಂಟು ತಿಂಗಳಿಂದ ಚೆನ್ನಾಗಿದ್ದಾರೆ. ‘ಇದು ಚಟವಾಗುತ್ತೆ, ನಿಲ್ಲಿಸು’ ಎಂದು ಬಂಧುಗಳು ಹೇಳಿದ ಮೇಲೆ ಎರಡು ವಾರದಿಂದ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ತಲೆಸುತ್ತು ಬರುತ್ತಿದೆ. ನಿಲ್ಲಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಈಗ ನಿಲ್ಲಿಸುವುದು ಬೇಡ. ದಿನ ಬಿಟ್ಟು ದಿನ ನುಂಗುವುದಂತೂ ಬೇಡವೇ ಬೇಡ. ಈ ಔಷಧ ಸುಮಾರು 30 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. 48 ಗಂಟೆಗೊಮ್ಮೆ ತೆಗೆದುಕೊಂಡರೆ ಮಟ್ಟ ಏರುತ್ತಾ ಇಳಿಯುತ್ತಾ ಇರುತ್ತದೆ. ತಲೆಸುತ್ತಿಗೆ ಬಹುಶಃ ಅದೇ ಕಾರಣ. ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ನಡೆದದ್ದನ್ನು ಮುಚ್ಚಿಡದೆ ಹೇಳಿ. ಸಾಮಾನ್ಯವಾಗಿ ಅವರು ದಿನಕ್ಕೊಂದರ ಕ್ರಮಕ್ಕೇ ಮರಳಿಸುತ್ತಾರೆ.

ಮೊದಲ ಸಲದ ಖಿನ್ನತೆಯಾದರೆ ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸುತ್ತೇವೆ. ಮೂರನೇ ಸಲವಾದ್ದರಿಂದ ನಿಮ್ಮ ಅಮ್ಮನಿಗೆ ಕನಿಷ್ಠ ಎರಡು ವರ್ಷ ಬೇಕು. ಹಿಂದೆ ಆತ್ಮಹತ್ಯೆಯ ಯತ್ನವಾಗಿದ್ದರೆ, ಅಥವಾ ಮಾತ್ರೆ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಕಾಯಿಲೆ ಮರಳಿದ್ದರೆ ಇನ್ನೂ ಹೆಚ್ಚು ಕಾಲ. ಎಷ್ಟು ಪ್ರಮಾಣದಲ್ಲಿ ಗುಣವಾಯಿತೋ ಅಷ್ಟನ್ನೇ ಮುಂದುವರಿಸಬೇಕು. ‘ಚೆನ್ನಾಗಿದ್ದಾರಲ್ಲ, ಅರ್ಧ ಸಾಕು’ ಎಂಬ ಲೆಕ್ಕ ಇಲ್ಲಿ ನಡೆಯದು.

ಚಟದ ಭಯ ತಪ್ಪು ತಿಳಿವಳಿಕೆ. ಈ ಮಾತ್ರೆಗೆ ಯಾರೂ ಹಂಬಲಿಸುವುದಿಲ್ಲ, ದಿನೇ ದಿನೇ ಹೆಚ್ಚು ಬೇಕೆನಿಸುವುದೂ ಇಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ವಿಚಿತ್ರ ಕನಸು, ಸಿಡುಕು ಬರುವುದು ನಿಜ. ಖಿನ್ನತೆಯ ಬೇರೆ ಮಾತ್ರೆಗಳ ಪೈಕಿ ಪ್ಯಾರೊಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಲ್ಲಿ ಈ ಕಾಟ ಹೆಚ್ಚು, ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ. ಈ ತೊಂದರೆಗಳು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶುರುವಾಗಿ, ಮಾತ್ರೆ ಮತ್ತೆ ಕೊಟ್ಟರೆ ಬೇಗ ತಗ್ಗುತ್ತವೆ. ಕಾಯಿಲೆ ಮರಳುವ ಬಗೆ ಬೇರೆ: ವಾರಗಳ ಮೇಲೆ ಮೆಲ್ಲಗೆ ಬೆಳಗಿನ ಜಾವದ ಎಚ್ಚರ, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಊಟ ಸೇರದಿರುವುದು. ಅಮ್ಮನ ವಿಷಯದಲ್ಲಿ ಮೊದಲು ಕಾಣಿಸಿಕೊಳ್ಳುವ ಚಿಹ್ನೆ ಯಾವುದೆಂದು ಅವರನ್ನೇ ಕೇಳಿ ಬರೆದಿಡಿ.

ಮುಂದೆ ನಿಲ್ಲಿಸುವಾಗ ಮದುವೆ, ಮನೆ ಬದಲಾವಣೆಯಂಥ ಗಡಿಬಿಡಿ ಇಲ್ಲದ ಕಾಲ ನೋಡಿ. ವೈದ್ಯರ ನಿಗಾದಲ್ಲಿ 10ರಿಂದ 5ಕ್ಕೆ, ಕನಿಷ್ಠ ನಾಲ್ಕು ವಾರದ ಬಳಿಕ 2.5ಕ್ಕೆ ಇಳಿಸಬಹುದು. 5 ಮಿ.ಗ್ರಾಂ. ಕೂಡ ಮಿದುಳಿನಲ್ಲಿ ಸಾಕಷ್ಟು ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಕೊನೆಯ ಹೆಜ್ಜೆಯೇ ಕಷ್ಟ. ಅಲ್ಲಿ ಅವಸರ ಮಾಡಬೇಡಿ. ನಿಲ್ಲಿಸಿದ ನಂತರ ಆರು ತಿಂಗಳಾದರೂ ತಪಾಸಣೆ ಇರಲಿ.

ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ನುಂಗಲಿ. ಮರುದಿನ ಎರಡು ಬೇಡ. ನಿದ್ದೆಯೇ ಬೇಡವೆನ್ನುವಷ್ಟು ಹುರುಪು, ಮಿತಿಮೀರಿದ ಮಾತು, ಖರ್ಚು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ಅದು ಖಿನ್ನತೆಯೂ ಅತಿ ಹುರುಪೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಯಾದರೆ ಚಿಕಿತ್ಸೆಯೇ ಬೇರೆ. ಸಾವಿನ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಹಗಲೂ ರಾತ್ರಿ, ಉಚಿತವಾಗಿ ಮಾತಾಡಬಹುದು.

ಪ್ರಶ್ನೆ: ತಂದೆಗೆ 68 ವರ್ಷ. ಎರಡನೇ ಸಲದ ಖಿನ್ನತೆಗೆ ಮೂರು ವಾರದಿಂದ ಸರ್ಟ್ರಲಿನ್ ಕೊಡುತ್ತಿದ್ದಾರೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದೆ. ನಾಲ್ಕು ದಿನದಿಂದ ಮಂಕಾಗಿದ್ದಾರೆ, ಮಾತು ತಡವರಿಸುತ್ತದೆ. ಔಷಧ ಒಗ್ಗುತ್ತಿಲ್ಲವೇ?
– ಶಿವಮೊಗ್ಗ

ಉತ್ತರ: ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದವರಲ್ಲಿ ಈ ಎರಡು ಮಾತ್ರೆ ಜೊತೆಗೂಡಿದಾಗ ರಕ್ತದ ಸೋಡಿಯಂ (ಉಪ್ಪಿನಂಶ) ಕುಸಿಯಬಹುದು. ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಹೀಗಾಗುತ್ತದೆ. ಒಂದು ಸರಳ ರಕ್ತಪರೀಕ್ಷೆಯಿಂದ ಗೊತ್ತಾಗುತ್ತದೆ. ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕಡಿಮೆಯಿದ್ದರೆ ವೈದ್ಯರು ಔಷಧ ಬದಲಿಸಬಹುದು. ಮಾತು ಥಟ್ಟನೆ ತೊದಲತೊಡಗಿದ್ದರೆ ಅಥವಾ ಮುಖ ಒಂದು ಕಡೆ ವಾಲಿದ್ದರೆ ಅದು ಪಾರ್ಶ್ವವಾಯುವೂ ಆಗಿರಬಹುದು, ತಡಮಾಡಬೇಡಿ. ಮಂಡಿನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುತ್ತಿದ್ದರೆ ಅದನ್ನೂ ಹೇಳಿ: ಸರ್ಟ್ರಲಿನ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಇದ್ದರೆ ಇನ್ನೂ ಎಚ್ಚರ ಬೇಕು. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ.