ಸಂಪಾದಕರ ಉತ್ತರ: ಅಪ್ಪನನ್ನು ಹೊರಸಿನಿಂದ ಇಳಿಸಿ

ಚಿತ್ತಾಪುರ ತಾಲ್ಲೂಕಿನ ಸಹೋದರಿಗೆ,

ಶರಣು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು. ಶಹಾಬಾದ್ ಕಲ್ಲಿನ ಖಣಿಯಲ್ಲಿ ಜೀವಮಾನವೆಲ್ಲ ದುಡಿದ ನಿಮ್ಮ ತಂದೆಗೆ ಈಗ 62. ಶ್ವಾಸಕೋಶದ ಕ್ಯಾನ್ಸರ್ ಬೇಗ ಗೊತ್ತಾದ್ದರಿಂದ ಹೈದರಾಬಾದಿನಲ್ಲಿ ಎದೆ ತೆರೆದು ಎಡಭಾಗದ ಮೇಲಿನ ಹಾಲೆ, ಅಂದರೆ ಶ್ವಾಸಕೋಶದ ಒಂದು ಭಾಗ, ತೆಗೆದರು. ಗಂಟು ಪೂರ್ತಿ ಬಂದಿದೆ, ಕಿಮೋ ಬೇಕಿಲ್ಲ ಎಂದರು. ಎರಡೂವರೆ ತಿಂಗಳಾಯಿತು, ಅವರು ಹೊರಸು ಬಿಟ್ಟಿಲ್ಲ. ಬಚ್ಚಲಿಗೆ ಹೋಗಿ ಬಂದರೆ ತೇಕು ಹತ್ತುತ್ತದೆ, ಅದನ್ನು ನೋಡಿ ಅವ್ವ “ಸುಮ್ನ ಮಲಕೋರಿ” ಎನ್ನುತ್ತಾರೆ. ರುಮಾಲು ಸುತ್ತಿಕೊಳ್ಳಲು ಎಡಗೈ ಏಳುವುದಿಲ್ಲ. ಉಸಿರಿನ ವ್ಯಾಯಾಮಕ್ಕೆಂದು ಆಸ್ಪತ್ರೆಯವರು ಕೊಟ್ಟ ಮೂರು ಗುಂಡಿನ ಡಬ್ಬಿಯನ್ನು ಮೊಮ್ಮಕ್ಕಳು ಊದಿ ಆಡುತ್ತಿದ್ದಾರೆ. ಕಾಕಾ ಮಾತ್ರ “ಜೀವ ಉಳದದ, ಇನ್ನೇನು ಬೇಕು?” ಅನ್ನುತ್ತಾರೆ. ನಮ್ಮಂಥ ಊರಲ್ಲಿ ಇದಕ್ಕೆ ಏನು ದಾರಿ ಎಂದು ನೀವು ಕೇಳಿದ್ದೀರಿ.

ಕಾಕಾನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಮನೆಯ ತೊಡಕು ಅಲ್ಲೇ ಇದೆ. ಇನ್ನೇನು ಬೇಕು ಎನ್ನುವುದನ್ನು ಲೆಕ್ಕ ಹಾಕಿ ಕೇಳುವ ಒಂದು ಪ್ರಶ್ನಾವಳಿಯೇ ಇದೆ. ಯುರೋಪಿನ ಕ್ಯಾನ್ಸರ್ ಸಂಶೋಧಕರ ಸಂಸ್ಥೆ ಇಒಆರ್‌ಟಿಸಿ ಮಾಡಿದ್ದು, 30 ಪ್ರಶ್ನೆಗಳದ್ದು. ಅದರ ಮೊದಲ ಪ್ರಶ್ನೆಗಳು ಗಂಟಿನ ಬಗ್ಗೆ ಅಲ್ಲವೇ ಅಲ್ಲ. ಭಾರ ಹೊರಲು ತ್ರಾಸವೇ? ದೂರ ನಡೆಯಲು? ಮನೆಯ ಹೊರಗೆ ನಾಲ್ಕು ಹೆಜ್ಜೆ ಹಾಕಲು? ಹಗಲೆಲ್ಲ ಹಾಸಿಗೆಯಲ್ಲೋ ಕುರ್ಚಿಯಲ್ಲೋ ಇರಬೇಕಾಗುತ್ತದೆಯೇ? ಉಣ್ಣಲು, ಬಟ್ಟೆ ತೊಡಲು, ಮೈ ತೊಳೆಯಲು ಇನ್ನೊಬ್ಬರು ಬೇಕೇ? ಕೊನೆಯ ಹೊತ್ತಿಗೆ ಸಂಸಾರ, ನಾಲ್ಕು ಜನರೊಂದಿಗಿನ ಒಡನಾಟ, ಕೈಯಲ್ಲಿನ ದುಡ್ಡಿನ ಅಡಚಣೆಯನ್ನೂ ಕೇಳುತ್ತದೆ. ಶ್ವಾಸಕೋಶದವರಿಗೆಂದೇ ಇನ್ನೂ 13 ಪ್ರಶ್ನೆಗಳು ಬೇರೆ ಇವೆ: ಕೆಮ್ಮು, ತೇಕು, ಎದೆನೋವು, ತೋಳುನೋವು. ಇವನ್ನು ಅಪ್ಪನಿಗೆ ಓದಿ ಹೇಳಿ, ಕಾಕಾ ಪಕ್ಕದಲ್ಲಿ ಕೂತಿರಲಿ. ಜೀವ ಉಳಿದ ಮೇಲೆ ಏನೇನು ಬೇಕು ಎನ್ನುವುದು ಅವರಿಗೂ ಕೇಳಿಸಲಿ.

ಈಗ ತೇಕಿನ ಸಂಗತಿ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ನಿಮ್ಮ ತಂದೆಗೆ ಐದರಲ್ಲಿ ನಾಲ್ಕು ಉಳಿದಿವೆ. ಒಂದು ಹಾಲೆ ತೆಗೆದಾಗ ಉಸಿರಿನ ಶಕ್ತಿ ಮೊದಲ ವಾರಗಳಲ್ಲಿ ಚೆನ್ನಾಗಿಯೇ ಕುಸಿಯುತ್ತದೆ. ಆಮೇಲೆ ಉಳಿದ ಭಾಗ ಹಿಗ್ಗಿ ಆ ಜಾಗವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಮೂರರಿಂದ ಆರು ತಿಂಗಳು ಚೇತರಿಕೆ ನಡೆಯುತ್ತಲೇ ಇರುತ್ತದೆ, ಬಹಳ ಜನರಲ್ಲಿ ಕೊನೆಗೆ ಉಳಿಯುವ ನಷ್ಟ ಶೇ 10ರಿಂದ 15ರ ಆಸುಪಾಸು. ಬಚ್ಚಲಿಗೆ ಹೋಗಿ ಬಂದರೆ ತೇಕು ಹತ್ತಲು ಅಷ್ಟೊಂದೇ ಕಾರಣವಾಗಲಾರದು. ಸೋತಿರುವುದು ತೊಡೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ ಬರೀ 10 ದಿನ ಹಾಸಿಗೆಯಲ್ಲಿಟ್ಟು ಅಳೆದರು. ಕಾಲುಗಳ ಸ್ನಾಯು ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು. 2007ರಲ್ಲಿ ಪ್ರಕಟವಾದ ಸಂಗತಿ ಇದು. ನಿಮ್ಮ ತಂದೆ ಮಲಗಿರುವುದು ಎರಡೂವರೆ ತಿಂಗಳು. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತ ಎತ್ತು ಮೊದಲ ದಿನ ಮೂರು ಸಾಲಿಗೇ ನೊರೆ ಕಾರುತ್ತದೆ, ಅದನ್ನು ನೋಡಿ ಯಾವ ರೈತನೂ ಎತ್ತನ್ನು ಮತ್ತೆ ಗೂಟಕ್ಕೆ ಕಟ್ಟುವುದಿಲ್ಲ. ಅವ್ವನಿಗೆ ಇದನ್ನು ಹೇಳಿ ನೋಡಿ. ಅವರ ಪ್ರೀತಿಯಲ್ಲಿ ಕೊರತೆ ಇಲ್ಲ, ಆದರೆ ಮಲಗಿಸಿ ಮಾಡುವ ಆರೈಕೆಯಿಂದ ನಿಮ್ಮ ತಂದೆ ಇನ್ನಷ್ಟು ಸೊರಗುತ್ತಿದ್ದಾರೆ.

ಒಂದು ಮಾತು ಮುಂಚೆಯೇ ಹೇಳಿಬಿಡಬೇಕು. ನಡೆಸಲು ಶುರು ಮಾಡುವ ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಬಚ್ಚಲಿಗೆ ಹೋದರೂ ತೇಕು ಬರುತ್ತದೆ ಎಂದು ಇದ್ದದ್ದು ಇದ್ದಹಾಗೆ ತಿಳಿಸಿ. ರಕ್ತ ಕಡಿಮೆಯಾಗಿರಬಹುದು, ಎದೆಯಲ್ಲಿ ನೀರು ಸೇರಿರಬಹುದು. ಒಂದು ಎಕ್ಸ್‌ರೇ, ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ತೇಕು ಒಮ್ಮಿಂದೊಮ್ಮೆಗೆ ಹೆಚ್ಚಾದರೆ, ಜ್ವರ ಬಂದರೆ, ಕಫದಲ್ಲಿ ರಕ್ತ ಕಂಡರೆ, ಒಂದು ಮೀನಖಂಡ ಊದಿ ನೋಯತೊಡಗಿದರೆ ಮಾರನೇ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಅವು ಯಾವುವೂ ಇಲ್ಲವೆಂದಾದರೆ ನಡಿಗೆ. ಮೊದಲ ವಾರ ಅಂಗಳದಲ್ಲೇ, ಹೊತ್ತಿಗೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಆಮೇಲೆ ಹಣಮಂತ ದೇವರ ಗುಡಿಯ ತನಕ, ಆಮೇಲೆ ಬಸ್ ಸ್ಟ್ಯಾಂಡಿನ ತನಕ. ವೇಗ ಎಷ್ಟಿರಬೇಕೆಂದರೆ ನಡೆಯುತ್ತ ಮಾತಾಡಲು ಬರಬೇಕು, ಭಜನೆ ಪದ ಹಾಡಲು ಬರಬಾರದು. ತೇಕು ಬಂದರೆ ನಿಂತು, ಮೂಗಿನಿಂದ ಉಸಿರೆಳೆದು, ತುಟಿಗಳನ್ನು ಸಿಳ್ಳೆ ಹೊಡೆಯುವಂತೆ ಮಾಡಿ ನಿಧಾನ ಬಿಡಲಿ. ಎಳೆದುಕೊಂಡ ಹೊತ್ತಿನ ಎರಡರಷ್ಟು ಹೊತ್ತು ಬಿಡಲಿ. ತಗ್ಗಿದ ಮೇಲೆ ಮತ್ತೆ ನಡಿಗೆ. ಮನೆಯಲ್ಲಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಎದ್ದು ಕೂರುವುದನ್ನು ಐದೈದರಂತೆ ಮಾಡಿಸಿ. ತೊಡೆಗೆ ಇದಕ್ಕಿಂತ ಅಗ್ಗದ ಔಷಧ ನಾನು ಕಂಡಿಲ್ಲ. ನಮ್ಮ ಭಾಗದಲ್ಲಿ ಮಾರ್ಚ್ ಬಂದರೆ ಬೆಳಿಗ್ಗೆ ಏಳಕ್ಕೇ ನಡಿಗೆ ಮುಗಿದಿರಬೇಕು. ತೊಗರಿ ರಾಶಿ ನಡೆಯುವ ದಿನಗಳಲ್ಲಿ ಕಣದ ಕಡೆ, ದಾಲ್ ಮಿಲ್ಲಿನ ಕಡೆ ಹೋಗುವುದೇ ಬೇಡ. ಒಳಗೆ ಕಟ್ಟಿಗೆ ಒಲೆ ಉರಿಯುತ್ತಿದ್ದರೆ ಹೊರಸನ್ನು ಆ ಹೊಗೆಯಿಂದ ದೂರ ಹಾಕಿ.

ಹೈದರಾಬಾದಿನಲ್ಲಿ ಮಾತ್ರ ಸಿಗುವಂಥದ್ದು ಇದರಲ್ಲಿ ಏನಿದೆ ಹೇಳಿ? ಆಪರೇಷನ್ ಆದವರಿಗೆ ಹೀಗೆ ವ್ಯಾಯಾಮ ಮಾಡಿಸಿದ ಎಂಟು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ, ಚಿಕಿತ್ಸೆಗಳ ಪುರಾವೆಯನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಪ್ರಕಟವಾಯಿತು. ಆರು ನಿಮಿಷದಲ್ಲಿ ನಡೆಯುವ ದೂರ, ವ್ಯಾಯಾಮ ಮಾಡದವರಿಗಿಂತ ಸರಾಸರಿ 57 ಮೀಟರ್ ಹೆಚ್ಚಿತ್ತು. ಕಾಗದದ ಮೇಲೆ 57 ಮೀಟರ್ ದೊಡ್ಡದಾಗಿ ಕಾಣುವುದಿಲ್ಲ, ಬಚ್ಚಲಿಗೇ ತೇಕುವವರಿಗೆ ಅದು ಕಟ್ಟೆಯ ತನಕ ಹೋಗಿ ಬರುವಷ್ಟು ದೂರ.

ಮೂರು ಗುಂಡಿನ ಡಬ್ಬಿಯ ಬಗ್ಗೆ ಎರಡೇ ಮಾತು. ಅದು ಊದುವುದಲ್ಲ, ಎಳೆಯುವುದು. ನಳಿಗೆಯಿಂದ ಉಸಿರನ್ನು ಒಳಗೆ ಎಳೆದಾಗ ಗುಂಡು ಏಳಬೇಕು. ಊದುವವರು ನಿಮ್ಮ ಮನೆಯಲ್ಲಷ್ಟೇ ಅಲ್ಲ, ಎಲ್ಲ ಕಡೆ ಇದ್ದಾರೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅದು ಉಸಿರು ತುಂಬಿ ಎಳೆಯುವುದನ್ನು ನೆನಪಿಸುತ್ತದೆ ಎನ್ನುವುದು ನಿಜ, ಆದರೆ ನಡೆಸಿ, ದೀರ್ಘ ಉಸಿರು ಎಳೆಸಿದ ಮೇಲೂ ಡಬ್ಬಿಯಿಂದ ಹೆಚ್ಚಿನ ಲಾಭ ಇದೆ ಎಂದು ಗಟ್ಟಿಯಾಗಿ ಹೇಳುವ ಪುರಾವೆ ಕಡಿಮೆ. ಎರಡೂವರೆ ತಿಂಗಳ ಮೇಲೆ ಅದರ ಹಿಂದೆ ಬೀಳಬೇಡಿ.

ರುಮಾಲಿನ ವಿಷಯ ನನಗೆ ಹೆಚ್ಚು ಮುಖ್ಯವಾಗಿ ಕಂಡಿತು. ಎದೆ ತೆರೆಯುವಾಗ ಬೆನ್ನಿನ, ಪಕ್ಕೆಯ ದೊಡ್ಡ ಸ್ನಾಯುಗಳನ್ನು ಕತ್ತರಿಸಬೇಕಾಗುತ್ತದೆ, ಇಲ್ಲವೇ ಸರಿಸಬೇಕಾಗುತ್ತದೆ. ನೋವಿಗೆ ಹೆದರಿ ಕೈ ಮಡಚಿಟ್ಟುಕೊಂಡರೆ ಭುಜದ ಕೀಲು ಬಿಗಿದುಬಿಡುತ್ತದೆ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುತ್ತ ಹೋಗಲಿ. ಮುಟ್ಟಿದ ಎತ್ತರಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಮಾರನೇ ದಿನ ಗೆರೆ ದಾಟಲಿ. ದಿನಾ ರುಮಾಲು ಸುತ್ತಿಕೊಳ್ಳುವ ಪ್ರಯತ್ನವೂ ಒಂದು ವ್ಯಾಯಾಮವೇ, ನೀವು ಸುತ್ತಿಕೊಡಬೇಡಿ. ಗಾಯದ ಗುಂಟ ಅಂಗಿ ತಾಗಿದರೂ ಉರಿ, ಜೋಮು ಎಂದು ಬರೆದಿದ್ದೀರಿ. ಪಕ್ಕೆಲುಬುಗಳ ನಡುವಿನ ನರಕ್ಕೆ ಪೆಟ್ಟಾದಾಗ ಹಾಗಾಗುತ್ತದೆ, ತೆರೆದ ಆಪರೇಷನ್ ಆದ ಹಲವರಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದು ಕ್ಯಾನ್ಸರ್ ಮರಳಿದ ಗುರುತು ಎಂದು ಅವರು ಒಳಗೊಳಗೇ ಹೆದರುತ್ತಿರಬಹುದು, ಕೇಳಿ ನೋಡಿ. ನರದ ನೋವಿಗೆ ಮಾಮೂಲಿ ನೋವಿನ ಗುಳಿಗೆ ಅಷ್ಟಾಗಿ ಹತ್ತುವುದಿಲ್ಲ, ಬೇರೆ ಔಷಧಗಳಿವೆ. ಬಾಯಿ ಬಿಟ್ಟು ಹೇಳದಿದ್ದರೆ ಡಾಕ್ಟರು ಬರೆದುಕೊಡುವುದಿಲ್ಲ.

ಊಟದ ಬಗ್ಗೆ ಚಿಕ್ಕದಾಗಿ: ಗಂಜಿ, ಬಿಸ್ಕತ್ತಿನಿಂದ ಸ್ನಾಯು ಬೆಳೆಯದು. ರೊಟ್ಟಿಯ ಜೊತೆ ಗಟ್ಟಿ ಬೇಳೆ, ಶೇಂಗಾ ಹಿಂಡಿ, ಮೊಸರು, ಉಣ್ಣುವವರಾದರೆ ತತ್ತಿ.

ನೋಡಲು ಬಂದವರೆಲ್ಲ ಬೀಡಿ ಸುದ್ದಿ ತೆಗೆಯುತ್ತಾರೆ, ಅಪ್ಪ ಗೋಡೆ ಕಡೆ ಹೊರಳುತ್ತಾರೆ ಎಂದಿರಿ. ಬೀಡಿ ಕಾರಣ ಹೌದು. ಆದರೆ ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಕೂಡ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1997ರಲ್ಲೇ ಸಾರಿದೆ. ಯಾವುದರ ಪಾಲು ಎಷ್ಟು ಎಂದು ಬಂದ ನೆಂಟರು ತೀರ್ಮಾನಿಸುವುದು ಬೇಡ. ಅಂಥವರನ್ನು ಕಟ್ಟೆಯಿಂದಲೇ ಚಹಾ ಕೊಟ್ಟು ಕಳಿಸಿ. ಮನೆಯೊಳಗೆ ಸೇದುವ ತಮ್ಮನಿಗೆ ಮಾತ್ರ ತಂಬಾಕು ಬಿಡಿಸುವ ಉಚಿತ ಸಹಾಯವಾಣಿ 1800-11-2356 ಕೊಡಿ. ಅಪ್ಪನ ಮಂಕು ಎರಡು ವಾರ ದಾಟಿದರೆ, ನಿದ್ದೆ ಊಟ ಎರಡೂ ಹೋದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಆರೋಗ್ಯಕ್ಕೆಂದು ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಆಪರೇಷನ್ನಿಗೆ ದಿನ ಎಣಿಸುತ್ತಿರುವ ಓದುಗರೂ ಇದ್ದಾರೆ, ಬೀದರ್, ಯಾದಗಿರಿಯಿಂದಲೂ ಪತ್ರಗಳು ಬರುತ್ತವೆ. ನಿಮಗೆ ಸಿಗುವ ಎರಡು ಮೂರು ವಾರ ಬಂಗಾರದಂಥವು. ಡಾಕ್ಟರನ್ನು ಕೇಳಿಕೊಂಡು ಈಗಲೇ ನಡೆಯಿರಿ, ಉಸಿರಿನ ವ್ಯಾಯಾಮ ಕಲಿಯಿರಿ, ಬೀಡಿ ಇವತ್ತೇ ಬಿಡಿ. ಮೊದಲೇ ತಯಾರಾದವರಲ್ಲಿ ನ್ಯುಮೋನಿಯಾದಂಥ ತೊಂದರೆಗಳು ಸುಮಾರು ಅರ್ಧಕ್ಕೆ ಇಳಿದದ್ದನ್ನು ಪ್ರಯೋಗಗಳು ತೋರಿಸಿವೆ. ಬಿಡುಗಡೆ ಚೀಟಿಯಲ್ಲಿ ‘ವ್ಯಾಯಾಮ ಮಾಡಿ’ ಎಂದು ಒಂದು ಸಾಲು ಗೀಚಿ ಕಳಿಸುವ ಆಸ್ಪತ್ರೆಗಳ ಮೇಲೆ ನನಗೆ ಸಿಟ್ಟಿದೆ. ಯಾವ ವ್ಯಾಯಾಮ, ಎಷ್ಟು, ಯಾವಾಗಿನಿಂದ ಎಂದು ಹೇಳುವ ತನಕ ಆಸ್ಪತ್ರೆ ಬಿಟ್ಟು ಹೊರಡಬೇಡಿ.

ಸಹೋದರಿ, ನಿಮಗೆ ಕೊನೆಯ ಕೆಲಸ. ಮೊದಲ ಒಂದೆರಡು ಸಲ ಕಲಿಸಿಕೊಡಲು ಫಿಸಿಯೋಥೆರಪಿಸ್ಟ್ ಬೇಕೇ ಬೇಕು. ಹೈದರಾಬಾದಿನ ಕಾಗದಪತ್ರ ಹಿಡಿದು ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲೋ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯಲ್ಲೋ ವಿಚಾರಿಸಿ. ಮುಂದಿನ ತಪಾಸಣೆಗೆ ಹೈದರಾಬಾದಿಗೆ ಕಾರು ಬಾಡಿಗೆಗೆ ಹಿಡಿಯುವ ಯೋಚನೆ ಬಿಡಿ, ಚಿತ್ತಾಪುರದಿಂದಲೇ ರೈಲು ಇದೆ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ, ತಪಾಸಣೆಗೆ ಹೋಗುವಾಗ ಸ್ಲೀಪರ್ ಮತ್ತು ಮೂರನೇ ಎಸಿ ದರ್ಜೆಯಲ್ಲಿ ಅವರ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಅದಕ್ಕೆ ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲಿ ಸಹಿ, ಮೊಹರು ಹಾಕಿ ಕೊಡಬೇಕು, ಮುಂಚಿತವಾಗಿ ಕೇಳಿ ತರಿಸಿಕೊಳ್ಳಿ.

ಸಂಪಾದಕ